ಕಣ್ಣಪಾಪೆಯಿಂದ ಕೈಗೊಂಬೆಯವರೆಗೆ

ಎದುರಿಗಿರುವವರ ಕಣ್ಣಿನ ಕಪ್ಪನ್ನು ಹತ್ತಿರದಿಂದ ದಿಟ್ಟಿಸಿದರೆ ಅದರೊಳಗೆ ಅಕ್ಕಿಕಾಳಿಗಿಂತ ಚಿಕ್ಕದಾದ ನಮ್ಮದೇ ಆಕೃತಿ ಕಾಣುತ್ತದೆ. ಕನ್ನಡಿಗರು ಅದನ್ನು ಕಣ್ಣಪಾಪೆ ಎಂದರು. ಪಾಪೆಯೆಂದರೆ ಗೊಂಬೆಯೂ ಹೌದು, ಕೂಸನ್ನು ಪಾಪು ಎಂದು ಕರೆಯುವ ಮಾತಿಗೆ ಅದು ಹತ್ತಿರದ ನಂಟೂ ಹೌದು. ಇದು ನಮ್ಮೊಬ್ಬರ ಕಲ್ಪನೆಯಲ್ಲ. ಸಂಸ್ಕೃತದ ಕನೀನಿಕಾ, ಗ್ರೀಕಿನ ಕೋರೆ ಎರಡೂ ಹುಡುಗಿಗೂ ಕಣ್ಣಪಾಪೆಗೂ ಒಂದೇ ಹೆಸರು. ಲ್ಯಾಟಿನ್‌ನಲ್ಲಿ ಪೂಪಾ ಎಂದರೆ ಹುಡುಗಿ, ಗೊಂಬೆ, ಅದರ ಪುಟ್ಟ ರೂಪವಾದ ಪೂಪಿಲ್ಲಾ ಕಣ್ಣಪಾಪೆ. ಈ ಪೂಪಾ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಹೋಗಿ ಪಪೆಟ್ ಆಯಿತು. ಗೂಡಿನಲ್ಲಿ ಸುತ್ತಿಕೊಂಡು ಮಲಗಿದ ಹುಳುವಿಗೆ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಕೊಟ್ಟದ್ದೂ ಇದೇ ಪೂಪಾ ಎಂಬ ಹೆಸರನ್ನು.

ಈ ಪದಗಳಲ್ಲೆಲ್ಲೂ ದಾರದ ಸುಳಿವಿಲ್ಲ ಎಂಬುದು ಗಮನಾರ್ಹ. ಸಂಸ್ಕೃತದ ಪುತ್ರಿಕಾ ಮಗಳೂ ಹೌದು, ಗೊಂಬೆಯೂ ಹೌದು. ನಮ್ಮ ಬೊಂಬೆ, ಗೊಂಬೆಗಳೂ ಆಡಿಸುವವನ ವಿಷಯದಲ್ಲಿ ಮೌನ. ಹಾಗಾಗಿಯೇ ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಯಕ್ಷಗಾನದ ವೇಷ ತೊಟ್ಟು ಮೇಲಿನ ಬೆರಳುಗಳ ಎಳೆತಕ್ಕೆ ಕುಣಿಯುವುದನ್ನು ಸೂತ್ರದ ಗೊಂಬೆಯೆಂದೂ, ದೀಪದ ಮುಂದೆ ಬಿಳಿಯ ಪರದೆಗೆ ಒತ್ತಿ ಹಿಡಿದಾಗ ಬಣ್ಣಬಣ್ಣವಾಗಿ ಹೊಳೆಯುವ ಹದಗೊಳಿಸಿದ ಚರ್ಮದ್ದನ್ನು ತೊಗಲುಗೊಂಬೆಯೆಂದೂ ಬಿಡಿಸಿ ಹೇಳಬೇಕಾಗುತ್ತದೆ.

ಆದರೂ ಪರಾಧೀನತೆಯ ಅರ್ಥ ಹೊಸದಲ್ಲ. ಮಹಾಭಾರತದ ವನಪರ್ವದಲ್ಲಿ ದ್ರೌಪದಿ, ಮರದ ಹೆಣ್ಣುಬೊಂಬೆಯ ಅಂಗಾಂಗಗಳನ್ನು ಆಡಿಸುವಂತೆ ವಿಧಾತನು ಜೀವಿಗಳನ್ನು ಆಡಿಸುತ್ತಾನೆಂದು ಧರ್ಮರಾಜನ ಮುಂದೆ ಸಿಟ್ಟಿನಿಂದಲೇ ಹೇಳುತ್ತಾಳೆ. ನಾಟಕದ ಸೂತ್ರಧಾರನೂ ಮೂಲತಃ ಗೊಂಬೆಯ ದಾರ ಹಿಡಿದವನೇ ಎಂದು ಜರ್ಮನ್ ವಿದ್ವಾಂಸ ರಿಚರ್ಡ್ ಪಿಶೆಲ್ 1900ರಲ್ಲಿ ವಾದಿಸಿದ. ವಾದವೇನೋ ಆಕರ್ಷಕ, ಆದರೆ ಅಳತೆಯ ನೂಲು ಹಿಡಿಯುವ ಬಡಗಿಗೂ ಶಿಲ್ಪಿಗೂ ಸಂಸ್ಕೃತದಲ್ಲಿ ಅದೇ ಹೆಸರಿರುವುದರಿಂದ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ.

ರಾಜಕೀಯದ ಅರ್ಥಕ್ಕೆ ಬಹಳ ಉದಾಹರಣೆಗಳು ಬೇಕಿಲ್ಲ: 1932ರಲ್ಲಿ ಜಪಾನ್ ಚೀನಾದ ಕೊನೆಯ ಚಕ್ರವರ್ತಿ ಪೂಯಿಯನ್ನು ಮುಂದೆ ಕೂರಿಸಿ ಮಂಚೂರಿಯಾದಲ್ಲಿ ಕಟ್ಟಿದ ಮಂಚುಕುವೊ ಒಂದೇ ಸಾಕು. ಇಂಥದ್ದನ್ನು ಕನ್ನಡದ ಪತ್ರಿಕೆಗಳು ಕೈಗೊಂಬೆ ಸರ್ಕಾರ ಎನ್ನುತ್ತವೆ. ದಾರದ ಜಾಗಕ್ಕೆ ಇಲ್ಲಿ ಕೈಯೇ ಬಂದಿದೆ. ಇತ್ತ ಸೂತ್ರಧಾರ ರಂಗದಿಂದಿಳಿದು ಅಪರಾಧ ಸುದ್ದಿಯ ಪುಟ ಸೇರಿದ್ದಾನೆ: ‘ದರೋಡೆಯ ಸೂತ್ರಧಾರ ಸೆರೆ’.