ಮಾವು ಪ್ಯಾಕಿಂಗ್ ಲೈನ್: ಬೀಳುವ ಎತ್ತರ, ನಿಲ್ಲುವ ದೂರ (ಅಧ್ಯಯನ ಟಿಪ್ಪಣಿ)

ಬಲಿತ ಬಾದಾಮಿ ಮಾವಿನ ಕಾಯಿಗೆ ಪ್ಯಾಕಿಂಗ್ ಲೈನಿನಲ್ಲಿ ಬಿದ್ದ ಪೆಟ್ಟು ಅವತ್ತೇ ಕಾಣುವುದಿಲ್ಲ. ಹಣ್ಣಾಗುವಾಗ ಆ ಜಾಗ ಮೆತ್ತಗಾಗಿ ತಿರುಳು ಕಂದುತ್ತದೆ. ಹಾಗಾಗಿ ಲೈನಿನ ತುದಿಯಲ್ಲಿ ಕಾಯಿ ನೋಡಿ ಏನೂ ಹೇಳಲಾಗದು. ಒಂದು ಬೆಲ್ಟಿನಿಂದ ಇನ್ನೊಂದಕ್ಕೆ ಬೀಳುವ ಪ್ರತಿ ಜಾಗದಲ್ಲೂ ಸ್ಕೇಲ್ ಹಿಡಿಯಬೇಕು.

ಲೆಕ್ಕ ಸುಲಭ. ಬೀಳುವ ಎತ್ತರವನ್ನು ನಿಲ್ಲುವ ದೂರದಿಂದ (ಮುಟ್ಟಿದ ಮೇಲೆ ಪೂರ್ತಿ ನಿಲ್ಲುವವರೆಗೆ ಅದುಮುವ ದೂರ) ಭಾಗಿಸಿದರೆ ಸರಾಸರಿ ಪೆಟ್ಟು ಗುರುತ್ವದ ಎಷ್ಟು ಪಟ್ಟು ಎಂದು ಸಿಗುತ್ತದೆ. 20 ಸೆಂ.ಮೀ. ಬಿದ್ದ ಕಾಯಿ ಗಟ್ಟಿ ತಗಡಿನ ಮೇಲೆ 4 ಮಿ.ಮೀ. ಅದುಮಿ ನಿಂತರೆ 200 ÷ 4 = 50 ಪಟ್ಟು. ಸ್ಪ್ರಿಂಗಿನ ಹಾಗೆ ಅದುಮಿದರೆ ಶಿಖರ, ಅಂದರೆ ಅತಿ ಹೆಚ್ಚಿನ ಪೆಟ್ಟು, ಇದರ ಎರಡರಷ್ಟು. ಫೋಮ್ ಹಾಕಿ ನಿಲ್ಲುವ ದೂರ ಒಟ್ಟು 10 ಮಿ.ಮೀ. ಆದರೆ ಸರಾಸರಿ 20ಕ್ಕೆ ಇಳಿಯುತ್ತದೆ.

ಎಡವುವುದು ಇಲ್ಲಿ: ಎತ್ತರ ಅರ್ಧ ಮಾಡಿದರೆ ಪೆಟ್ಟೂ ಅರ್ಧ ಆಗಬೇಕಲ್ಲ? ಆಗುವುದಿಲ್ಲ. 10 ಸೆಂ.ಮೀ.ನಿಂದ ಬಿದ್ದ ಕಾಯಿ ಅದುಮುವುದೂ ಕಡಿಮೆ, 4ರ ಬದಲು ಸುಮಾರು 2.8 ಮಿ.ಮೀ. ಅಂದರೆ 100 ÷ 2.8, ಸುಮಾರು 35 ಪಟ್ಟು. ಮೂವತ್ತು ಪರ್ಸೆಂಟ್ ಅಷ್ಟೇ ಉಳಿತಾಯ. ಆದರೂ ಎತ್ತರ ತಗ್ಗಿಸುವುದೇ ಮೇಲು, ಏಕೆಂದರೆ ಶಕ್ತಿ ಪೂರ್ತಿ ಅರ್ಧವಾಗುತ್ತದೆ: 250 ಗ್ರಾಂ ಕಾಯಿಗೆ 0.49 ಜೂಲ್ ಇದ್ದದ್ದು 0.245. ಜಜ್ಜಿದ ತಿರುಳಿನ ಪ್ರಮಾಣ ಹೆಚ್ಚುಕಡಿಮೆ ಕಾಯಿ ಹೀರಿಕೊಂಡ ಶಕ್ತಿಯ ಹಿಂದೆಯೇ ಹೋಗುತ್ತದೆ. ಅದೇ 20 ಸೆಂ.ಮೀ. ಅನ್ನು ಎರಡು ಮೆಟ್ಟಿಲಾಗಿ ಒಡೆದರೆ ಒಟ್ಟು ಶಕ್ತಿ ಅಷ್ಟೇ, ನಿಜ. ಆದರೆ ಜಜ್ಜಲು ಬೇಕಾದ ಕನಿಷ್ಠ ಪೆಟ್ಟಿಗಿಂತ ಪ್ರತಿ ಮೆಟ್ಟಿಲೂ ಕೆಳಗಿದ್ದರೆ ಗಾಯವೇ ಆಗದು.

ಫೋಮ್ ಹಾಕಿದ್ದೇವೆ ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ತೆಳು ಫೋಮ್ ತಳ ಮುಟ್ಟಿದರೆ ಮತ್ತೆ ತಗಡೇ. ತೆರೆದ ರಂಧ್ರದ ಫೋಮ್ ನೀರು, ಸೊನೆ, ವ್ಯಾಕ್ಸ್ ಕುಡಿದು ಗಟ್ಟಿಯಾಗುತ್ತದೆ, ಶಿಲೀಂಧ್ರಕ್ಕೂ ಮನೆ. ಮುಚ್ಚಿದ ರಂಧ್ರದ ಪಾಲಿಥಿನ್ ಫೋಮಿಗೆ ನುಣುಪಾದ ಹೊದಿಕೆ ಹಾಕಿ, ಬೆರಳಿಂದ ಒತ್ತಿ ಪರೀಕ್ಷಿಸುತ್ತಿರಿ. ಬಿದ್ದ ಕಾಯಿ ಅಲ್ಲೇ ನಿಂತ ಇನ್ನೊಂದು ಕಾಯಿಗೆ ಬಡಿಯುವ ಕಡೆ ಫೋಮ್ ನಿರುಪಯೋಗಿ, ಪೆಟ್ಟು ಎರಡಕ್ಕೂ. ಮುಂದಿನ ಬೆಲ್ಟ್ ತುಸು ವೇಗವಾಗಿ ಓಡಿ ಜಾಗ ಖಾಲಿ ಮಾಡಬೇಕು; ತೀರಾ ವೇಗವಾದರೆ ಕಾಯಿ ಉರುಳಿ ಪಕ್ಕದ ಗಾರ್ಡಿಗೆ ಬಡಿಯುತ್ತದೆ. ಇಳಿಜಾರಿನಲ್ಲಿ ರಬ್ಬರ್ ಪಟ್ಟಿಯ ಪರದೆ ತೂಗುಬಿಟ್ಟರೆ ವೇಗ ಮುರಿಯುತ್ತದೆ.

ಕ್ರೇಟ್ ಸುರಿಯಲು ನೀರಿನ ತೊಟ್ಟಿ ಅತಿ ಮೃದು. ಆದರೆ ಸೇಬಿನ ತೊಟ್ಟಿಯನ್ನು ಹಾಗೇ ತಂದಿಟ್ಟರೆ ಆಗದು: ಸೇಬು ತೇಲುತ್ತದೆ, ಚೆನ್ನಾಗಿ ಬಲಿತ ಬಾದಾಮಿಯ ಸಾಪೇಕ್ಷ ಸಾಂದ್ರತೆ (ನೀರಿನದು 1 ಎಂದಿಟ್ಟರೆ) 1.01–1.02, ಮುಳುಗುತ್ತದೆ. ತಳದಿಂದ ಎತ್ತುವ ಕನ್ವೇಯರ್ ಬೇಕೇಬೇಕು. ನೀರು ತಿರುಳಿಗಿಂತ ತಣ್ಣಗಿರಬಾರದು. ತಣ್ಣೀರಲ್ಲಿ ಕಾಯಿಯೊಳಗಿನ ಗಾಳಿ ಕುಗ್ಗಿ, ತೊಟ್ಟಿನ ಗಾಯದಿಂದ ಕೊಳೆನೀರು ಒಳಸೇರುತ್ತದೆ.

ಕಾಯಿ ಉಜ್ಜುವ, ತಿರುಗುವ ಬ್ರಷ್‌ಗಳ ಬಗ್ಗೆ ಒಂದೇ ಮಾತು: ಹಿಂದಿನಿಂದ ಕಾಯಿ ಬರುವುದು ನಿಂತರೆ ಮುಂದಿನವು ಅಲ್ಲೇ ತಿರುಗುತ್ತಾ ಸಿಪ್ಪೆ ಸವೆಸಿಕೊಳ್ಳುತ್ತವೆ. ಫೀಡ್ ನಿಂತಾಗ ಬ್ರಷ್ ಮೋಟಾರೂ ತಾನಾಗಿ ನಿಲ್ಲುವಂತೆ ಸ್ವಿಚ್ ಜೋಡಿಸಿ.