ಗೆರೆ ಉಬ್ಬಿದೆಯೋ, ತಗ್ಗಿದೆಯೋ?

ಉಡುಪಿಯಲ್ಲಿ ನಮ್ಮ ಪಕ್ಕದ ಮನೆ ರಿಪೇರಿ ಮಾಡುವಾಗ ಅಜ್ಜಿಯ ಎಲೆಅಡಿಕೆ ಡಬ್ಬಿಯಲ್ಲಿ 1835ರ ಕಾಲಾಣೆ ಸಿಕ್ಕಿತು, ಈಸ್ಟ್ ಇಂಡಿಯಾ ಕಂಪನಿಯ ತಾಮ್ರದ್ದು. ಮೇಲೆ ಒಂದು ಗೆರೆ, ಅಂಚಿನಲ್ಲಿ ಒಂದು ಚೂರು ಇಲ್ಲ. “ಮಾಮ, ಇದು ಎರರ್ ಕಾಯಿನ್ ಅಲ್ವಾ? ರೇಟ್ ಜಾಸ್ತಿ ಉಂಟಂತೆ” ಅಂದ ಆ ಮನೆ ಹುಡುಗ.

ಟಂಕಸಾಲೆಯಲ್ಲೇ ತಪ್ಪಾಗಿ ತಯಾರಾದ ನಾಣ್ಯಕ್ಕೆ ಎರರ್ ಕಾಯಿನ್ ಅನ್ನುತ್ತಾರೆ. ನಾನು ಮೊದಲು ಗೆರೆ ನೋಡಿದೆ. ಟಂಕಸಾಲೆಯಲ್ಲಿ ಖಾಲಿ ಬಿಲ್ಲೆಯನ್ನು ಎರಡು ಉಕ್ಕಿನ ಅಚ್ಚುಗಳ ನಡುವೆ ಇಟ್ಟು ಒತ್ತುತ್ತಾರೆ. ಅಚ್ಚಿನಲ್ಲಿ ಎಲ್ಲಿ ತಗ್ಗಿದೆಯೋ ಅಲ್ಲಿ ಲೋಹ ನುಗ್ಗಿ ನಾಣ್ಯದಲ್ಲಿ ಉಬ್ಬುತ್ತದೆ. ಅಚ್ಚು ಬಿರುಕು ಬಿಟ್ಟರೆ ಆ ಬಿರುಕಿನೊಳಗೂ ಲೋಹ ನುಗ್ಗುತ್ತದೆ, ಹಾಗಾಗಿ ನಾಣ್ಯದ ಮೇಲೆ ತೆಳ್ಳನೆಯ ಉಬ್ಬುಗೆರೆ ಮೂಡುತ್ತದೆ. ಮೊಳೆಯೋ ಕತ್ತಿಯೋ ತಾಗಿದ ಗೀರು ಹಾಗಲ್ಲ. ಅದು ತಗ್ಗು, ಮತ್ತು ತಳ್ಳಿದ ಲೋಹ ಎರಡೂ ಬದಿಗೆ ಎದ್ದು ನಿಂತಿರುತ್ತದೆ, ಗದ್ದೆಯಲ್ಲಿ ನೇಗಿಲು ಹೋದ ಸಾಲಿನ ಹಾಗೆ. ಟಾರ್ಚನ್ನು ಮೇಲಿಂದ ಅಲ್ಲ, ಬದಿಯಿಂದ ಹಿಡಿದು ಭೂತಗನ್ನಡಿಯಲ್ಲಿ ನೋಡಿ, ನೆರಳೇ ಹೇಳುತ್ತದೆ.

ಹುಡುಗನ ನಾಣ್ಯದ ಗೆರೆ ಉಬ್ಬಿತ್ತು! ಅಕ್ಷರದ ಮೇಲಿಂದ ಹಾದು ಪಕ್ಕದ ಖಾಲಿ ಜಾಗಕ್ಕೂ ಹರಿದಿತ್ತು. ನನಗಂತೂ ತುಂಬಾ ಖುಷಿಯಾಯಿತು.

ಅಂಚಿನ ಕತೆ ಬೇರೆ. ತಗಡಿನಿಂದ ಬಿಲ್ಲೆ ಕತ್ತರಿಸುವಾಗ, ಮೊದಲೇ ಕತ್ತರಿಸಿದ ತೂತಿನ ಮೇಲೆ ಪಂಚ್ ಬಿದ್ದರೆ ಬಾಗಿದ ಒಂದು ಚೂರು ಇಲ್ಲದ ಬಿಲ್ಲೆ ಬರುತ್ತದೆ, ಮತ್ತೆ ಅದರ ಮೇಲೇ ಅಚ್ಚು ಒತ್ತುವುದರಿಂದ ಆ ಖಾಲಿ ಜಾಗದ ಹತ್ತಿರದ ಅಕ್ಷರಗಳು ಅದರ ಕಡೆಗೆ ಎಳೆದ ಹಾಗೆ ಮಸುಕಾಗುತ್ತವೆ. ಅಂಚು ಎತ್ತರಿಸುವ ಯಂತ್ರದಿಂದ ಬಂದ ಬಿಲ್ಲೆಯಾದರೆ, ಕಡಿದ ಜಾಗಕ್ಕೆ ನೇರ ಎದುರಿನ ಅಂಚೂ ಹೆಚ್ಚಾಗಿ ಸಪ್ಪೆಯಾಗಿರುತ್ತದೆ. ಇದಕ್ಕೆ ಬ್ಲೇಕ್ಸ್‌ಲಿ ಪರಿಣಾಮ ಅನ್ನುತ್ತಾರೆ. ಇವನ ನಾಣ್ಯದಲ್ಲಿ ಅಕ್ಷರ ಚಾಕು ಇಟ್ಟ ಹಾಗೆ ಅರ್ಧಕ್ಕೆ ತುಂಡಾಗಿತ್ತು, ಪಕ್ಕದಲ್ಲಿ ಅರದ ಗೀರುಗಳೂ ಇದ್ದವು. ಅಂದರೆ ಆಮೇಲೆ ಯಾರೋ ಕತ್ತರಿಸಿದ್ದು. ಸುಮ್ನೆ ತೂಕ ಹಾಕಿದರೆ ಇದು ಗೊತ್ತಾಗುವುದಿಲ್ಲ. ಕಾಲಾಣೆಯ ಮೂಲ ತೂಕ ಸುಮಾರು 6.5 ಗ್ರಾಂ, ಚೂರು ಟಂಕಸಾಲೆಯಲ್ಲೇ ಹೋಗಿದ್ದರೂ ಆಮೇಲೆ ಹೋಗಿದ್ದರೂ ಕಡಿಮೆಯೇ ತೂಗುತ್ತದೆ.

ಜಾಸ್ತಿ ಜನ ಮೋಸ ಹೋಗುವುದು ತಿರುಗುಮುರುಗು ಅಕ್ಷರ ನೋಡಿ. ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡಿದ್ದರೆ ಅದರ ಚಿತ್ರವೇ ಮುಂದಿನ ಬಿಲ್ಲೆಯ ಒಂದು ಬದಿಗೆ ತಗ್ಗಾಗಿ, ಕನ್ನಡಿಯಲ್ಲಿ ಕಂಡ ಹಾಗೆ ಬೀಳುತ್ತದೆ, ಇನ್ನೊಂದು ಬದಿ ಸರಿಯಾಗೇ ಇರುತ್ತದೆ. ಎರಡು ನಾಣ್ಯಗಳನ್ನು ವೈಸ್‌ನಲ್ಲಿ ಹಿಂಡಿದರೂ ಉಲ್ಟಾ ಅಕ್ಷರ ಬರುತ್ತದೆ, ಆದರೆ ಅದರಡಿ ಮೊದಲಿನ ಚಿತ್ರ ನಜ್ಜುಗುಜ್ಜಾಗಿ ಉಳಿದಿರುತ್ತದೆ.

1943ರಿಂದ 1947ರವರೆಗಿನ ಒಟ್ಟೆ ಮುಕ್ಕಾಲು ನಾಣ್ಯದ ನಡುವಿನ ತೂತು ಬೇಕೆಂದೇ ಇಟ್ಟದ್ದು, ಎರರ್ ಅಲ್ಲ. ಟಿಪ್ಪುವಿನ ಆನೆ ಕಾಸಿನಲ್ಲಿ ಆನೆ ಅರ್ಧ ಹೊರಗೆ ಹೋಗಿರುವುದೂ ಎರರ್ ಅಲ್ಲ. ಕೈಯಿಂದ ಸುತ್ತಿಗೆ ಹೊಡೆದು ಮಾಡುತ್ತಿದ್ದ ಕಾಲ ಅದು, ಅಚ್ಚು ಬಿಲ್ಲೆಗಿಂತ ದೊಡ್ಡದಿರುತ್ತಿತ್ತು.

ನಮ್ಮ ಕರಾವಳಿಯ ಉಪ್ಪುಗಾಳಿ ತಾಮ್ರಕ್ಕೆ ದೊಡ್ಡ ಶತ್ರು. ಹಸಿರು ಕಿಲುಬು ತಿಂದ ಅಕ್ಷರವನ್ನು ಅಚ್ಚು ಸರಿಯಾಗಿ ಬಿದ್ದಿಲ್ಲ ಅಂತ ತಿಳಿಯಬೇಡಿ, ಹತ್ತಿರದಿಂದ ನೋಡಿದರೆ ಮೇಲ್ಮೈಯಲ್ಲಿ ಸಣ್ಣ ಸಣ್ಣ ಗುಳಿಗಳಿರುತ್ತವೆ. ಹುಣಸೆಹುಳಿ ಹಾಕಿ ತಿಕ್ಕಿದರಂತೂ ಆ ಗುರುತುಗಳೂ ಹೋಗುತ್ತವೆ. ಹುಡುಗ ದೇವರ ಪಾತ್ರೆ ತೊಳೆಯುವ ಹಾಗೆ ಆಗಲೇ ಅರ್ಧ ತಿಕ್ಕಿಯಾಗಿತ್ತು. ಗೆರೆ ಇರುವ ಬದಿ ಮಾತ್ರ ಹಾಗೇ ಉಳಿದಿದೆ.