ಲೂ ವಿಟೇಕರ್ ಮತ್ತು ಆ ಶೇ 2.9ರ ಕಥೆ

ಪ್ರಶ್ನೆ: ಅಮೆರಿಕದ ಬೇಸ್‌ಬಾಲ್ ತಂಡ ಡೆಟ್ರಾಯ್ಟ್ ಟೈಗರ್ಸ್‌ನ ಲೂ ವಿಟೇಕರ್, ಆ ಆಟದ ಶ್ರೇಷ್ಠರ ಗೌರವ ಮಂದಿರವಾದ ಹಾಲ್ ಆಫ್ ಫೇಮ್‌ಗೆ ಅರ್ಹರೇ? ಅರ್ಹರಾಗಿದ್ದರೆ ಅದಕ್ಕೆ ಮತ ಹಾಕುವ ಬೇಸ್‌ಬಾಲ್ ಬರಹಗಾರರು ಮೊದಲ ವರ್ಷವೇ ಅವರನ್ನು ತಿರಸ್ಕರಿಸಿದ್ದೇಕೆ?

ಉತ್ತರ: ಅರ್ಹರು. 1978ರ ರೂಕಿ ಆಫ್ ದಿ ಇಯರ್ (ವರ್ಷದ ಶ್ರೇಷ್ಠ ಹೊಸ ಆಟಗಾರ), 1984ರ ವರ್ಲ್ಡ್ ಸೀರೀಸ್ (ವರ್ಷದ ಅಂತಿಮ ಪ್ರಶಸ್ತಿ ಸರಣಿ) ಗೆದ್ದ ತಂಡದ ಸೆಕೆಂಡ್ ಬೇಸ್‌ಮನ್ (ಎರಡನೇ ಬೇಸ್ ಬಳಿಯ ಫೀಲ್ಡರ್), 2,369 ಹಿಟ್ (ಚೆಂಡನ್ನು ಹೊಡೆದು ಬೇಸ್ ತಲುಪಿದ್ದು), 244 ಹೋಮ್ ರನ್, ಮೂರು ಗೋಲ್ಡ್ ಗ್ಲವ್ (ಫೀಲ್ಡಿಂಗ್ ಪ್ರಶಸ್ತಿ). ಪ್ರಶ್ನೆಯ ಮೊದಲ ಭಾಗಕ್ಕೆ ಇಷ್ಟು ಸಾಕು. ಎರಡನೆಯ ಭಾಗದಲ್ಲಿರುವ ತಪ್ಪು ಕಲ್ಪನೆ ಮಾತ್ರ ಎಷ್ಟು ಸಲ ಕಿತ್ತರೂ ಗರಿಕೆಯಂತೆ ಚಿಗುರುತ್ತಲೇ ಇದೆ.

2001ರಲ್ಲಿ ವಿಟೇಕರ್‌ಗೆ ಬಿದ್ದದ್ದು ಶೇ 2.9 ಮತ. ಶೇ 5 ಮುಟ್ಟದವರ ಹೆಸರು ಮರುವರ್ಷದ ಮತಪಟ್ಟಿಯಿಂದ ತಾನಾಗಿಯೇ ಬಿಟ್ಟುಹೋಗುತ್ತದೆ. ಇದು ಪಟ್ಟಿ ಉದ್ದವಾಗದಂತೆ ತಡೆಯುವ ನಿಯಮವೇ ಹೊರತು ಆಟಗಾರನ ಯೋಗ್ಯತೆಯ ಕುರಿತ ತೀರ್ಪಲ್ಲ. ತೀರ್ಪೇ ಎಂದು ಹಟ ಹಿಡಿಯುವವರು ಕ್ಯಾಚರ್ ಟೆಡ್ ಸಿಮನ್ಸ್ ವಿಷಯದಲ್ಲಿ ಏನು ಹೇಳುತ್ತಾರೆ? 1994ರಲ್ಲಿ ಶೇ 3.7 ಮತ ಪಡೆದು ಮೊದಲ ವರ್ಷವೇ ಹೊರಬಿದ್ದ ಅದೇ ಸಿಮನ್ಸ್ ಅವರನ್ನು 2019ರ ಡಿಸೆಂಬರ್‌ನಲ್ಲಿ, ಬರಹಗಾರರ ಮತದಲ್ಲಿ ಬಿಟ್ಟುಹೋದವರನ್ನು ಮತ್ತೆ ಪರಿಶೀಲಿಸುವ 16 ಮಂದಿಯ ಸಮಿತಿ ಹಾಲ್ ಆಫ್ ಫೇಮ್‌ಗೆ ಆರಿಸಿತು. ಅದೇ ಸಭೆಯಲ್ಲಿ ವಿಟೇಕರ್ ಹೆಸರೂ ಇತ್ತು. 12 ಮತ ಬೇಕಿದ್ದಲ್ಲಿ ಅವರಿಗೆ ಸಿಕ್ಕಿದ್ದು 6. ಹತ್ತು ಹೆಸರುಗಳಲ್ಲಿ ಒಬ್ಬ ಸದಸ್ಯ ನಾಲ್ಕಕ್ಕೆ ಮಾತ್ರ ಮತ ಹಾಕಬಹುದಿತ್ತು ಎಂಬುದನ್ನೂ ಗಮನಿಸಿ.

ಇನ್ನು, ಬರಹಗಾರರೇ 2005ರಲ್ಲಿ ಆರಿಸಿದ ಸೆಕೆಂಡ್ ಬೇಸ್‌ಮನ್ ರೈನ್ ಸ್ಯಾಂಡ್‌ಬರ್ಗ್ ಅವರನ್ನು ಪಕ್ಕದಲ್ಲಿಟ್ಟು ನೋಡೋಣ. ಅವರ ಹಿಟ್‌ಗಳು 2,386, ಅಂದರೆ ವಿಟೇಕರ್‌ಗಿಂತ ಕೇವಲ 17 ಹೆಚ್ಚು. ಆದರೆ ಸ್ಟ್ರೈಕ್ ವಲಯದಿಂದ (ಎಸೆತ ಬೀಳಬೇಕಾದ ನಿಗದಿತ ಜಾಗ) ಆಚೆ ಬಂದ ನಾಲ್ಕು ಎಸೆತಗಳನ್ನು ಬ್ಯಾಟ್ ಬೀಸದೆ ಬಿಟ್ಟು, ಬ್ಯಾಟ್ ಕೆಳಗಿಟ್ಟು ಮೊದಲ ಬೇಸ್‌ಗೆ ನಡೆದುಹೋಗುವ 'ವಾಕ್' ಇದೆಯಲ್ಲ, ಅದರಲ್ಲಿ ಸ್ಯಾಂಡ್‌ಬರ್ಗ್ ಗಳಿಕೆ 761, ವಿಟೇಕರ್ ಗಳಿಕೆ 1,197. ಹಿಟ್‌ಗಳನ್ನು ಬ್ಯಾಟಿಂಗ್ ಅವಕಾಶಗಳಿಂದ ಭಾಗಿಸಿ ಪಡೆಯುವ ಬ್ಯಾಟಿಂಗ್ ಸರಾಸರಿಯಲ್ಲಿ ಈ ವಾಕ್‌ಗೆ ಲೆಕ್ಕವೇ ಇಲ್ಲ. ಆ ಸರಾಸರಿಯನ್ನಷ್ಟೇ ನೋಡುವವರಿಗೆ ವಿಟೇಕರ್ ಅವರ .276 ಸಾಧಾರಣವೆನಿಸಿದ್ದರೆ ಅಚ್ಚರಿಯಿಲ್ಲ.

ಹಾಗಿದ್ದರೆ ಬಾಬಿ ಗ್ರಿಚ್ ಗತಿಯೇನು? ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಓರಿಯೋಲ್ಸ್ ಮತ್ತು ಏಂಜೆಲ್ಸ್ ತಂಡಗಳಿಗೆ ಆಡಿದ ಈ ಸೆಕೆಂಡ್ ಬೇಸ್‌ಮನ್ ನಾಲ್ಕು ಗೋಲ್ಡ್ ಗ್ಲವ್ ಗೆದ್ದವರು, 1981ರಲ್ಲಿ ಅಮೆರಿಕನ್ ಲೀಗ್‌ನ (ಅಲ್ಲಿನ ಎರಡು ಪ್ರಮುಖ ಲೀಗ್‌ಗಳಲ್ಲಿ ಒಂದು) ಹೋಮ್ ರನ್ ಪಟ್ಟಿಯಲ್ಲಿ ಅಗ್ರಸ್ಥಾನ ಹಂಚಿಕೊಂಡವರು, ಸಾವಿರಕ್ಕೂ ಹೆಚ್ಚು ವಾಕ್ ಗಳಿಸಿದವರು. ಸರಾಸರಿ .266. 1992ರಲ್ಲಿ ಶೇ 2.6 ಮತ ಪಡೆದು ಅವರೂ ಮೊದಲ ವರ್ಷವೇ ಪಟ್ಟಿಯಿಂದ ಹೊರಬಿದ್ದರು. ವಿಟೇಕರ್ ಪರವಾಗಿ ವಾದಿಸುವವರು ಗ್ರಿಚ್ ಹೆಸರನ್ನು ಬಿಡುವುದು ನ್ಯಾಯವಲ್ಲ.